ಕಿಸೆಯಲ್ಲಿ ಉಳಿದ ಎರಡು ಸೆಲ್ಲು

ಕಲಬುರ್ಗಿಯ ಶಹಾಬಜಾರದಲ್ಲಿ ದವಾಖಾನೆ ಸಾಮಾನಿನ ಏಜೆನ್ಸಿ ನಡೆಸುತ್ತಿದ್ದ ಜಯತೀರ್ಥರಾಯರು ನರ್ಸ್ ಪುತಳಾಬಾಯಿಯನ್ನು ಮೊದಲು ಕಂಡದ್ದು ೧೯೮೯ರ ಬೇಸಿಗೆಯಲ್ಲಿ, ಕಮಲಾಪುರದ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ. ಬಸ್ಸಿಳಿದು, ಬೆವರೊರೆಸಿಕೊಳ್ಳುತ್ತ, ಕಪ್ಪು ಪೆಟ್ಟಿಗೆ ಹಿಡಿದು ಒಳಗೆ ಬಂದರು.

"ತಬಲಾ ಬಾರ್ಸೋರು ಬಂದಂಗ ಅದ ನೋಡ್ರಿ," ಎಂದು ಆಕೆ ನಕ್ಕಳು.

"ತಬಲಾ ಅಲ್ಲ ತಂಗಿ, ಉಸಿರು ಉಳಸೋ ಸಾಮಾನು."

ಅದು ಲ್ಯಾರಿಂಗೊಸ್ಕೋಪು. ಬಾಗಿದ ಉಕ್ಕಿನ ಅಲಗು, ಅದರ ತುದಿಗೆ ಗೋಧಿಕಾಳಿನಷ್ಟು ಬಲ್ಬು, ಹಿಡಿಯೊಳಗೆ ಎರಡು ಸೆಲ್ಲು. ಉಸಿರು ಕಟ್ಟಿದವರ ಗಂಟಲೊಳಗೆ ಬೆಳಕು ಬಿಟ್ಟು, ದಾರಿ ನೋಡಿ, ಡಾಕ್ಟರು ನಳಿಗೆ ಇಳಿಸಬೇಕು. ಆ ಕಾಲದಲ್ಲಿ ರಾಯರು ಇಂಥವನ್ನು ಮಾರುತ್ತಿದ್ದುದು ವರ್ಷಕ್ಕೆ ಮೂರೋ ನಾಲ್ಕೋ.

ಸೆಲ್ಲು ಒಳಗೇ ಉಳಿದರೆ ಸೋರಿ ಸಾಮಾನು ಕೆಡುತ್ತದೆ. ಆದ್ದರಿಂದ ತೋರಿಸಿ ಮುಗಿದ ಕೂಡಲೇ ಅವನ್ನು ತೆಗೆದು ಕಿಸೆಗೆ ಹಾಕಿಕೊಳ್ಳುವುದು ಅವರ ಕೈಗೆ ಅಂಟಿದ ರೂಢಿ. ಅಂದು ರಾಯರು ತೋರಿಸಲು ತಂದಿದ್ದ ಸಾಮಾನನ್ನೇ ಡಾಕ್ಟರು ಕೊಂಡರು. ಕೈ ಮಾತ್ರ ತನ್ನ ರೂಢಿ ಬಿಡಲಿಲ್ಲ. ಮರಳುವಾಗ ಬಸ್ಸಿನಲ್ಲಿ, ಬಾಳೆಗೊನೆಗಳ ನಡುವೆ, ಸೆಲ್ಲುಗಳು ತೊಡೆಗೆ ಒತ್ತಿದವು. ಮುಂದಿನ ತಿಂಗಳು ಕೊಟ್ಟರಾಯಿತು ಎಂದುಕೊಂಡರು.

ತಿಂಗಳು ತುಂಬುವ ಮೊದಲೇ, ಚಹಾದಂಗಡಿಯ ಸೂಗಪ್ಪನಿಗೆ ಶರಬತ್ತಿನೊಳಗಿದ್ದ ಜೇನುಹುಳ ಗಂಟಲಲ್ಲಿ ಕಚ್ಚಿತು. ಗಂಟಲು ಬಾತು ಉಸಿರು ಸಿಕ್ಕಿಕೊಂಡಿತು. ಡಾಕ್ಟರು ಅಲಗು ಬಿಡಿಸಿದರೆ ಬೆಳಕಿಲ್ಲ. ಟಾರ್ಚು ಹಿಡಿದರೂ ದಾರಿ ಕಾಣಲಿಲ್ಲ. ಪುತಳಾಬಾಯಿ ಬಜಾರಕ್ಕೆ ಓಡಿದಳು. ಟಾರ್ಚಿನ ದಪ್ಪ ಸೆಲ್ಲು ಇದ್ದವು, ಗಡಿಯಾರದ ಸಣ್ಣವು ಇದ್ದವು. ನಡುವಿನ ಅಳತೆಯವು ಎಲ್ಲಿಯೂ ಇರಲಿಲ್ಲ. ಆಕೆ ಮರಳುವಷ್ಟರಲ್ಲಿ ಸೂಗಪ್ಪನ ಹೆಂಡತಿ ಅಂಬಮ್ಮ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದಳು.

ಮುಂದಿನ ಸಲ ರಾಯರು ಹೋದಾಗ ಡಾಕ್ಟರು ಕೇಳಿದರು: "ಸೆಲ್ಲು ನೀವೇ ಒಯ್ದೀರಿ ಅಂತಾಳ ಈಕಿ. ಖರೇ ಏನ್ರೀ?"

ಪುತಳಾಬಾಯಿ ಬಾಗಿಲಲ್ಲೇ ನಿಂತಿದ್ದಳು. ನಿಜ ಹೇಳಿದರೆ ಏಜೆನ್ಸಿ ಹೋಗುತ್ತದೆ.

"ಕೊಟ್ಟಂಗ ನೆನಪದರೀ," ಎಂದರು ರಾಯರು.

ಆಕೆಯ ಕೆಲಸ ಹೋಯಿತು. ಸೆಲ್ಲನ್ನು ತನ್ನ ರೇಡಿಯೋಕ್ಕೆ ಒಯ್ದಳೆಂಬ ಮಾತೂ ಊರಲ್ಲಿ ಹುಟ್ಟಿತು.

ಸುದ್ದಿ ಕೇಳಿದ ದವಾಖಾನೆಗಳೆಲ್ಲ ಎರಡೆರಡು ಸೆಟ್ಟು ಬೇಡಿದವು. ತೊಂಬತ್ತರ ದಶಕದಲ್ಲಿ ಕಲಬುರ್ಗಿಯಲ್ಲಿ ನರ್ಸಿಂಗ್ ಹೋಮುಗಳು ಹೆಚ್ಚಿದವು. ಅಲಗು, ನಳಿಗೆ, ಕೈಯಿಂದ ಒತ್ತಿ ಉಸಿರು ತುಂಬುವ ಅಂಬು ಬ್ಯಾಗು ತುಂಬಿ ರಾಯರ ಪಡಸಾಲೆಯೇ ಗೋದಾಮಾಯಿತು. ಕಂಪನಿಯವರು ಹೈದರಾಬಾದಿಗೆ ಕರೆದು ಶಾಲು ಹೊದಿಸಿ, ವ್ಯಾಪಾರ ಇಷ್ಟು ಬೆಳೆಸಿದ ಗುಟ್ಟೇನೆಂದು ಕೇಳಿದರು. ರಾಯರು ನೀರು ಕುಡಿದು ಕುಳಿತರು. ಆ ಶಾಲಿನ ಮಡಿಕೆ ಇಂದಿಗೂ ಬಿಚ್ಚಿಲ್ಲ.

೨೦೦೪ರಲ್ಲಿ ಏಜೆನ್ಸಿ ಬಿಟ್ಟ ವಾರವೇ ಕುಸನೂರಿನಲ್ಲಿ ಪುತಳಾಬಾಯಿಯ ಮನೆ ಹುಡುಕಿಕೊಂಡು ಹೋದರು. ಆಕೆ ಹೊಲಿಗೆ ಯಂತ್ರದ ಮುಂದಿದ್ದಳು, ತಲೆ ನರೆತಿತ್ತು.

"ತಂಗಿ, ಆ ಸೆಲ್ಲು ನನ್ನ ಕಿಸೇದಾಗೇ ಇದ್ವು."

"ನನಗ ಗೊತ್ತಿದ್ದದ್ದೇ ಹೇಳಾಕ ಹದಿನೈದು ವರ್ಷ ಬೇಕಾತೇನ್ರೀ?" ಆಕೆ ಯಂತ್ರ ನಿಲ್ಲಿಸಲಿಲ್ಲ. "ಕಮಲಾಪುರ ನನ್ನ ತವರಮನಿ. ಹೋದ್ರ ಅಂಬಮ್ಮ ಇನ್ನೂ ಮಾರಿ ತಿರುವ್ತಾಳ. ಹೇಳೋದಿದ್ರ ಆಕಿಗೆ ಹೇಳ್ರಿ."

ಈಗ ರಾಯರು ಪ್ರತಿ ಸೋಮವಾರ ಕಮಲಾಪುರದ ಬಸ್ಸು ಹತ್ತುತ್ತಾರೆ. ತಾವು ಸಾಮಾನು ಮಾರಿದ ದವಾಖಾನೆಗಳಲ್ಲಿ ಅಲಗು ಬಿಡಿಸಿ ಬೆಳಕು ನೋಡುತ್ತಾರೆ, ಸೆಲ್ಲು ಸೋತಿದ್ದರೆ ಕಿಸೆಯಿಂದ ಹೊಸವು ತೆಗೆದು ಹಾಕುತ್ತಾರೆ. ಆಮೇಲೆ, ಇವತ್ತಾದರೂ ಹೇಳಿಬಿಡಬೇಕೆಂದು, ಅಂಬಮ್ಮನ ಚಹಾದಂಗಡಿಯ ಬೆಂಚಿನ ಮೇಲೆ ಕೂರುತ್ತಾರೆ.

"ಬೆಳಕು ನೋಡಿ ಬಂದ್ರೇನ್ರಿ ರಾಯರ? ಪುಣ್ಯದ ಕೆಲ್ಸ ಮಾಡಾಕತ್ತೀರಿ," ಎಂದು ಆಕೆ ಕಪ್ಪು ಕೊಡುತ್ತಾಳೆ. "ಸಕ್ರಿ ಸಾಕೇನ್ರಿ?"

"ಸಾಕವ್ವ," ಎನ್ನುತ್ತಾರೆ ರಾಯರು. ಚಹಾ ಕುಡಿದು, ಕಪ್ಪು ಕೆಳಗಿಟ್ಟು, ಮರಳುವ ಬಸ್ಸಿಗೆ ಏಳುತ್ತಾರೆ.