ಹೊಂಗೆಗೆ ಕಾನೂನಿಲ್ಲ

ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದು ತಗಡಿನ ದೀಪದ ಬುಡ್ಡಿ ಇದೆ. ಅದರ ಬುಡದ ಹತ್ತಿರ ಹೆಬ್ಬೆರಳು ಕೂರುವಷ್ಟು ತಗ್ಗು. ಆ ತಗ್ಗಿನಿಂದಾಗಿ ಅದು ನೆಟ್ಟಗೆ ನಿಲ್ಲುವುದಿಲ್ಲ. ಸೊಂಟ ಹಿಡಿದ ಮುದುಕಿಯ ಹಾಗೆ, ಅಂದರೆ ನನ್ನ ಹಾಗೆ, ಗೋಡೆಗೆ ಒರಗಿಕೊಂಡೇ ಇರುತ್ತದೆ. ಹೋದ ವಾರ ಪಾತ್ರೆಗೆ ಕಲಾಯಿ ಹಾಕುವವನು ಬೀದಿಗೆ ಬಂದಾಗ ನನ್ನ ಸೊಸೆ ಅದನ್ನೂ ಎತ್ತಿಕೊಂಡು, "ಅತ್ತೆ, ಇದರ ತಗ್ಗು ಎತ್ತಿಸಿಬಿಡ್ಲಾ? ಒಳಗಿಂದ ಬಡಿದ್ರೆ ಹೊಸದಾಗುತ್ತೆ ಅಂತಾನೆ" ಎಂದು ಕೇಳಿದಳು. ಬೇಡ ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಒಲೆಯ ಮೇಲೆ ಸಾರಿತ್ತು. ನಿಮಗೆ ಪುರುಸೊತ್ತಿದ್ದರೆ ನಿಮಗೆ ಹೇಳುತ್ತೇನೆ. ನನಗೆ ಬರುವ ಅಕ್ಷರ ಅಷ್ಟಕ್ಕಷ್ಟೇ. ಒತ್ತು ಎಲ್ಲಾದರೂ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನಾನು ಹುಟ್ಟಿದ್ದು ಗಡಿಯಾಚೆ, ಮದರಾಸಿನವರ ಆಡಳಿತದ ಒಂದು ತೆಲುಗು ಹಳ್ಳಿಯಲ್ಲಿ. ಮದುವೆಯಾಗಿ ಸೇರಿದ್ದು ಗಡಿಯೀಚೆ, ಮಹಾರಾಜರ ಆಡಳಿತದ ಮುಳಬಾಗಿಲು ತಾಲ್ಲೂಕಿನಲ್ಲಿ, ತಾಯಲೂರಿನ ಕಡೆಯ ಒಂದು ಹಳ್ಳಿಗೆ. ತವರಿಗೂ ಗಂಡನ ಮನೆಗೂ ನಡುವೆ ಇದ್ದದ್ದು ಒಂದು ಬೆಳಗಿನ ನಡಿಗೆ, ಮತ್ತು ಸರಕು ತಪಾಸಣೆಯ ಒಂದು ಚೌಕಿ. ತವರಿನಲ್ಲಿ ನಾವು ಕಿರಸನಾಯಿಲು ಅನ್ನುತ್ತಿದ್ದದ್ದನ್ನು ಇಲ್ಲಿಯವರು ಸೀಮೆಎಣ್ಣೆ ಅನ್ನುತ್ತಿದ್ದರು. ಸೀಮೆ ಎಂದರೆ ಗಡಿ ಎಂಬುದೊಂದೇ ಆಗ ನನಗೆ ಗೊತ್ತಿದ್ದ ಅರ್ಥ. ಎಣ್ಣೆಯ ಡಬ್ಬಗಳ ಗಾಡಿ ಬರುತ್ತಿದ್ದದ್ದೂ ಆ ಚೌಕಿಯ ದಾರಿಯಿಂದಲೇ. ಹಾಗಾಗಿ, ಬಂದ ಹೊಸದರಲ್ಲಿ ಒಂದು ದಿನ ನನ್ನ ಅತ್ತೆ ಮುನಿಯಮ್ಮನನ್ನು ಕೇಳಿಬಿಟ್ಟೆ:

"ಅತ್ತೆ, ಚೌಕಿ ಹಿಂದ್ಗಡೆ ಎಣ್ಣೆ ಬಾವಿ ಐತಾ? ನಾನು ಬರೋವಾಗ ಕಾಣಲೇ ಇಲ್ಲ."

ಮುನಿಯಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ನಕ್ಕರು. "ಅಯ್ಯೋ ಹೆಡ್ಡಿ! ಆ ಸೀಮೆ ಅಲ್ಲ ಕಣೇ. ಹಡಗು ಬರೋ ಸೀಮೆ." ಅಷ್ಟಕ್ಕೇ ಬಿಡದೆ ನೀರಿಗೆ ಹೋದಾಗ ಊರ ಹೆಂಗಸರಿಗೂ ಹೇಳಿದರು. ಒಂದು ವರ್ಷ ನನ್ನ ಹೆಸರು ಎಣ್ಣೆಬಾವಿಯವಳು.

ಈಗ ಕೂತು ಯೋಚಿಸಿದರೆ ಆ ಮಾತು ಎಷ್ಟು ದೊಡ್ಡದು ಅನ್ನಿಸುತ್ತದೆ. ಸೀಮೆಸುಣ್ಣ, ಸೀಮೆಬದನೆ, ಸೀಮೆಹುಣಸೆ, ಸೀಮೆಹಸು. ದೂರದಿಂದ ಬಂದದ್ದಕ್ಕೆಲ್ಲ ನಾವು ಅಂಟಿಸುವ ಹೆಸರು ಸೀಮೆ. ಎಲ್ಲಿಗೆ ನಮ್ಮದು ಮುಗಿಯುತ್ತದೋ ಅದೂ ಸೀಮೆ. ದೂರದ ದೇಶಕ್ಕೂ ಹೊಲದ ಬದುವಿನಾಚೆಯ ಗೆರೆಗೂ ಒಂದೇ ಹೆಸರಿಟ್ಟವರು ದಡ್ಡರಲ್ಲ. ದೂರದ ಸೀಮೆಯಿಂದ ಬರುವ ವಸ್ತು ಹತ್ತಿರದ ಸೀಮೆಯನ್ನು ದಾಟಿಯೇ ಬರಬೇಕು. ದಾಟುವ ಕಡೆ ಒಬ್ಬ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ನನ್ನ ತಪ್ಪು ತಪ್ಪೇ ಆಗಿರಲಿಲ್ಲವೆಂದು ಯುದ್ಧ ಬಂದ ಮೇಲೆ ಗೊತ್ತಾಯಿತು.

ಜಪಾನಿನವರು ಬರ್ಮಾ ಹಿಡಿದರಂತೆ, ಹಡಗು ನಿಂತವಂತೆ ಎಂದು ಸಂತೆಯಲ್ಲಿ ಮಾತಾಡಿಕೊಂಡರು. ಬರ್ಮಾ ಎಲ್ಲಿದೆಯೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಆದರೆ ಅದು ಬಿದ್ದ ಸದ್ದು ನಮ್ಮ ಬುಡ್ಡಿಗಳಲ್ಲಿ ಕೇಳಿಸಿತು. ಮುಳಬಾಗಿಲಿಂದ ಕೋಲಾರಕ್ಕೆ ಹೋಗುವ ಬಸ್ಸು ಪೆಟ್ರೋಲಿಲ್ಲದೆ ಬೆನ್ನಿಗೆ ಇದ್ದಿಲಿನ ಪೀಪಾಯಿ ಕಟ್ಟಿಕೊಂಡು ಓಡತೊಡಗಿತು. ಓಡುತ್ತಿತ್ತು ಅನ್ನುವುದು ಮರ್ಯಾದೆಗೆ, ಏರು ಬಂದಾಗಲೆಲ್ಲ ಟಿಕೀಟು ಕೊಂಡವರೇ ಇಳಿದು ತಳ್ಳಬೇಕಿತ್ತು. ಸಂಜೆ ಪಡುವಣಕ್ಕೆ ನೋಡಿದರೆ ಚಿನ್ನದ ಗಣಿಯ ಕರೆಂಟು ದೀಪಗಳು ಆಕಾಶವನ್ನೇ ಹಳದಿ ಮಾಡುತ್ತಿದ್ದವು. ನನ್ನ ಗಂಡ ಅಲ್ಲೇ ಕೂಲಿ. ವಾರಕ್ಕೊಮ್ಮೆ ಮನೆಗೆ ಬಂದರೆ ಕತ್ತಲಲ್ಲಿ ಬಾಗಿಲ ಚೌಕಟ್ಟಿಗೆ ಹಣೆ ಬಡಿದುಕೊಳ್ಳುತ್ತಿದ್ದರು. ಆ ಕರೆಂಟು ಕಾವೇರಿಯಿಂದ ಎಷ್ಟೋ ಊರುಗಳ ತಲೆಯ ಮೇಲೆ ಹಾದು ಬರುತ್ತಿತ್ತಂತೆ, ಆ ಊರುಗಳಿಗೆ ಒಂದು ಹನಿಯನ್ನೂ ಚೆಲ್ಲದೆ.

ಎಣ್ಣೆಗೆ ರೇಷನ್ ಚೀಟಿ ಬಂತು. ಚೀಟಿ ಹಂಚುವವರು ನಮ್ಮೂರ ಪಟೇಲರು, ಊರವರ ಬಾಯಲ್ಲಿ ಗೌಡ್ರು. ಅವರ ಕಡೆಯ ಮನೆಗಳಿಗೆ ಎಣ್ಣೆ ಮೊದಲು, ಉಳಿದರೆ ಉಳಿದವರಿಗೆ. ಪಂಚಾಯಿತಿಯಲ್ಲಿ ಅವರ ಮಾತಿಗೆ ಎದುರಾಡಿದವನ ಮನೆ ಸಂಜೆಗೇ ಕಪ್ಪಾಗಿರುತ್ತಿತ್ತು. ಯಾರು ಯಾರ ಕಡೆ ಎಂದು ತಿಳಿಯಲು ಬೀದಿಯಲ್ಲಿ ಒಂದು ಸಲ ನಡೆದರೆ ಸಾಕಿತ್ತು.

ಗಡಿಯ ಎರಡೂ ಬದಿಯ ಸರ್ಕಾರಗಳೂ ಇದೇ ಆಟ ಆಡುತ್ತಿದ್ದವು, ದೊಡ್ಡದಾಗಿ. ನಮ್ಮ ಕಡೆ ರಾಗಿ ಇತ್ತು, ಎಣ್ಣೆ ಇರಲಿಲ್ಲ. ಅವರ ಕಡೆ ಎಣ್ಣೆ ಸ್ವಲ್ಪ ಇತ್ತು, ಹೊಟ್ಟೆಗೆ ಇರಲಿಲ್ಲ. ರಾಗಿ ಆಚೆ ಹೋಗಬಾರದೆಂದು ಇವರು, ಎಣ್ಣೆ ಈಚೆ ಬರಬಾರದೆಂದು ಅವರು. ಕಾನೂನು ಎಷ್ಟು ಬಿಗಿಯಾಯಿತೋ ಚೌಕಿಯವನ ಕುರ್ಚಿ ಅಷ್ಟು ಎತ್ತರವಾಯಿತು.

ನನಗೆ ಆಚೆ ತವರಿದೆಯೆಂಬುದು ಪಟೇಲರಿಗೆ ನೆನಪಾದದ್ದು ಆಗಲೇ. ತಾಯಿಗೆ ಮೈ ಊದುವ ಕಾಯಿಲೆ. ತಿಂಗಳಿಗೊಮ್ಮೆ ನಾನು ಹೋಗಿ ಬರುತ್ತಿದ್ದೆ. ಹೋಗುವಾಗ ಪಟೇಲರ ರಾಗಿ ನನ್ನ ತಲೆಯ ಮೇಲೆ, ಬರುವಾಗ ಅವರ ಎಣ್ಣೆ. ನಮಗೆ ಸಿಗುತ್ತಿದ್ದದ್ದು ಒಂದು ಬುಡ್ಡಿ ತುಂಬ. ಬೇಡ ಅಂದರೆ ಚೀಟಿ ಹೋಗುತ್ತಿತ್ತು. ನಾನು ಒಳ್ಳೆಯವಳಾಗಿದ್ದೆ, ಬಲವಂತಕ್ಕೆ ಮಾಡಿದೆ ಎಂದು ನಿಮ್ಮ ಮುಂದೆ ನಟಿಸುವುದಿಲ್ಲ. ನನಗೂ ಬೆಳಕು ಬೇಕಿತ್ತು, ಪಕ್ಕದ ಮನೆ ಕಪ್ಪಾಗಿದ್ದಾಗ ನಮ್ಮ ಮನೆ ಬೆಳ್ಳಗಿರುವುದು ಚೆನ್ನಾಗಿಯೇ ಇತ್ತು.

ಮೊದಲ ಸಲ ಬರುವಾಗ ಎಣ್ಣೆಯ ಡಬ್ಬವನ್ನು ಕೊತ್ತಂಬರಿ ಸೊಪ್ಪಿನ ಹೊರೆಯೊಳಗೆ ಕಟ್ಟಿಕೊಂಡಿದ್ದೆ. ಚೌಕಿಯವನು ನಡುವಯಸ್ಸಿನವನು, ನನ್ನ ತವರಿನ ಕಡೆಯ ತೆಲುಗಿನವನೇ. ಹೊರೆಯನ್ನು ಮುಟ್ಟಲೂ ಇಲ್ಲ, ಮೂಗು ಏರಿಸಿದ ಅಷ್ಟೇ.

"ಏಮ್ಮಾ, ನಿಮ್ಮೂರಲ್ಲಿ ಕೊತ್ತಂಬರಿಗೆ ನೀರು ಹಾಕಲ್ವಾ? ಕಿರಸನಾಯಿಲೇ ಹಾಕ್ತಾರಾ?"

ಅವನು ಬೆಂಚಿನ ಕೆಳಗಿಂದ ಒಂದು ತೆಂಗಿನ ಚಿಪ್ಪು ತೆಗೆದು ಮುಂದಿಟ್ಟ. "ಸೊಪ್ಪು ಯಾಕೆ ಹಾಳು ಮಾಡ್ತೀಯ? ಮುಂದಿನ ಸಲ ಡಬ್ಬ ಹಂಗೇ ತಗೊಂಡು ಬಾ. ಚಿಪ್ಪು ತುಂಬಿಸು, ಹೋಗು."

ಆಮೇಲೆ ರಾಗಿಗೂ ಎಣ್ಣೆಗೂ ಮುಚ್ಚುಮರೆ ಇಲ್ಲ. ಚಿಪ್ಪು ಒಂದಿದ್ದದ್ದು ಎರಡಾಯಿತು, ಮೂರಾಯಿತು. ಅವನ ಚೌಕಿಯಲ್ಲಿ ಒಂದು ಲಾಂದ್ರ ಹಾಡುಹಗಲೇ ಉರಿಯುತ್ತಿತ್ತು. ಯಾಕೆಂದು ಕೇಳಿದರೆ, "ಉರೀದಿದ್ರೆ ಮೇಲಿನೋರು ಬಂದು, ಎಣ್ಣೆ ಎಲ್ಲಿ ಬಚ್ಚಿಟ್ಟಿದೀಯ ಅಂತಾರೆ. ನಾನು ತಗೊಂಡಿದ್ದು ಮೂರು ಪಾಲು ಮೇಲಕ್ಕೆ ಹೋಗುತ್ತೆ ಕಣಮ್ಮ, ನನಗೆ ಬತ್ತಿ ನೆನೆಯೋಷ್ಟು" ಎಂದ. ನಿಜವನ್ನೇ ಹೇಳಿದನೆಂದು ಕಾಣುತ್ತದೆ. ಸಾಮಾನ್ಯವಾಗಿ ಎಣ್ಣೆ ಇಳಿಜಾರಿಗೆ ಹರಿಯುತ್ತದೆ. ಸೀಮೆಎಣ್ಣೆಗೆ ಮಾತ್ರ ಮೇಲಕ್ಕೆ ಹರಿಯುವ ವಿದ್ಯೆ ಗೊತ್ತಿತ್ತು.

ಇಷ್ಟೆಲ್ಲ ನಡೆಯುವಾಗ ಮುನಿಯಮ್ಮ ಏನು ಮಾಡುತ್ತಿದ್ದರು ಎಂದರೆ, ಕೆರೆಯ ಏರಿಯ ಮೇಲೆ ಸೊಂಟ ಬಗ್ಗಿಸಿ ಹೊಂಗೆ ಕಾಯಿ ಆಯುತ್ತಿದ್ದರು. ಬೇಸಿಗೆಯೆಲ್ಲ ಆಯ್ದು, ಬಿಸಿಲಿಗೆ ಹಾಕಿ, ಕೋಲಿನಿಂದ ಬಡಿದು ಬೀಜ ಬಿಡಿಸಿ, ತಾಯಲೂರಿನ ಗಾಣಕ್ಕೆ ಹೊತ್ತು, ಎಣ್ಣೆಯನ್ನು ಮಡಕೆಗೂ ಹಿಂಡಿಯನ್ನು ಹೊಲಕ್ಕೂ ಹಾಕುತ್ತಿದ್ದರು. ಮನೆಯಲ್ಲಿ ಸೀಮೆಎಣ್ಣೆ ಇರುವಾಗ ಈ ಕಪ್ಪು ನಾತದ ಎಣ್ಣೆ ಯಾಕೆಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ನಾನೂ ಆಡಿಕೊಂಡಿದ್ದೆ, ಅವರ ಬೆನ್ನ ಹಿಂದೆ. ಇದನ್ನು ಬರೆದು ಇಡುವುದು ಒಳ್ಳೆಯದು.

ಒಂದು ದಿನ ತವರಿನಿಂದ ಮಾತು ಬಂತು: ತಾಯಿ ಅನ್ನ ಬಿಟ್ಟಿದ್ದಾಳೆ, ನೋಡುವುದಾದರೆ ಈಗಲೇ ಬಾ. ಬೆಳಕು ಹರಿಯುವ ಹೊತ್ತಿಗೆ ಹೊರಟೆ. ಪಟೇಲರ ರಾಗಿ ಮೂಟೆ ಅಭ್ಯಾಸದಂತೆ ತಲೆಯ ಮೇಲೇರಿತು. ಚೌಕಿಯಲ್ಲಿ ಅವನು ಎದ್ದು ನಿಂತು ದಾರಿಗೆ ಅಡ್ಡ ಬಂದ.

"ಇವತ್ತು ಆಗಲ್ಲಮ್ಮ. ದೊಡ್ಡೋರು ದೊಡ್ಡೋರು ಜಗಳ ಆಡ್ಕೊಂಡವ್ರೆ. ಈಚೆಯೋರು ರಾಗಿ ಬಿಡ್ಲಿಲ್ಲಾಂತ ಆಚೆಯೋರು ಎಣ್ಣೆ ನಿಲ್ಸವ್ರೆ. ಸರಕು ಹೊತ್ತೋರನ್ನ ಬಿಟ್ರೆ ನನ್ನ ಕೆಲಸ ಹೋಗುತ್ತೆ."

"ನಮ್ಮಮ್ಮ ಸಾಯ್ತಾ ಅವ್ಳೆ ಸಾಮಿ."

"ಈ ವಾರ ಎಲ್ಲರ ಅಮ್ಮಂದಿರೂ ಸಾಯ್ತಾ ಅವ್ರೆ."

ಅವನನ್ನು ಬೈದು ಪ್ರಯೋಜನವಿಲ್ಲ. ಹತ್ತು ಜನ ಅದೇ ಸುಳ್ಳು ಹೇಳಿದ್ದರು; ನಾನೇ ಎರಡು ಸಲ, ಅವಳು ಎದ್ದು ಓಡಾಡುತ್ತಿದ್ದಾಗ ಹೇಳಿದ್ದೆ. ಮೂಟೆಯನ್ನು ಅಲ್ಲೇ ಬಿಸಾಕಿ ಹೋಗಬಹುದಿತ್ತು ಎಂದು ನೀವು ಅನ್ನುತ್ತೀರಿ. ಪಟೇಲರ ರಾಗಿಯನ್ನು ಚೌಕಿಯಲ್ಲಿ ಬಿಟ್ಟು ಹೋಗುವ ಧೈರ್ಯ ನನಗಿರಲಿಲ್ಲ. ತಾಯಿಯ ಕಡೆಗೆ ಬೆನ್ನು ಹಾಕಿ, ಇನ್ನೊಬ್ಬನ ರಾಗಿ ಹೊತ್ತು, ಬಂದ ದಾರಿಯಲ್ಲೇ ವಾಪಸ್ಸು ನಡೆದೆ. ನನ್ನ ಬದುಕಿನಲ್ಲಿ ಅಷ್ಟು ಭಾರವಾದದ್ದನ್ನು ಇನ್ನೊಂದು ಸಲ ಹೊತ್ತಿಲ್ಲ.

ಮುನಿಯಮ್ಮ ಅಂಗಳದಲ್ಲಿದ್ದರು. ನನ್ನ ಮುಖ ನೋಡಿದರು, ಮೂಟೆ ನೋಡಿದರು.

"ಇಳಿಸು ಅದನ್ನ."

"ಗೌಡ್ರು..."

"ಇಳಿಸೇ, ಅಂದೆ."

ಅವರೇ ಅದನ್ನು ಪಟೇಲರ ಜಗಲಿಗೆ ಹೊತ್ತುಕೊಂಡು ಹೋಗಿ ಧೊಪ್ಪನೆ ಹಾಕಿದರು. ನಾನು ಹಿಂದೆ ನಿಂತಿದ್ದೆ. ಪಟೇಲರು ಎಲೆಗೆ ಸುಣ್ಣ ಹಚ್ಚುತ್ತಾ, ತಲೆಯೆತ್ತದೆ, "ಏನು ಮುನಿಯಮ್ಮ, ಸೊಸೆ ಹೊರಲ್ವಂತಾ? ಚೀಟಿಗೆ ಎಣ್ಣೆ ಬರಲ್ಲ, ಗೊತ್ತಲ್ಲ?" ಎಂದರು.

"ಬರದಿದ್ರೆ ಬಿಡಿ ಗೌಡ್ರೆ. ನಿಮ್ಮೆಣ್ಣೆ ಬೇಕೂಂದ್ರೆ ಹಡಗು ಬರ್ಬೇಕು, ರೈಲು ಬರ್ಬೇಕು, ಚೌಕೀಲಿ ಸೊಂಟ ಬಗ್ಗಿಸ್ಬೇಕು, ನಿಮ್ಮ ಜಗಲೀಲಿ ಸೊಂಟ ಬಗ್ಗಿಸ್ಬೇಕು. ನಾನು ಮರದ ಕೆಳಗೆ ಬಗ್ಗಿಸ್ತೀನಿ."

"ಕತ್ತಲಲ್ಲಿ ಕೂತ್ಕೋತೀರ."

"ನಾತದಲ್ಲಿ ಕೂತ್ಕೋತೀವಿ. ಕತ್ತಲಲ್ಲಿ ಅಲ್ಲ."

ಮಾರನೆಯ ಬೆಳಗ್ಗೆ ಹೊರಡುವಾಗ ಅತ್ತೆ ನಮ್ಮ ಬುಡ್ಡಿಯ ಬತ್ತಿ ಕಿತ್ತು, ಸೀಗೆಪುಡಿ ಹಾಕಿ ತೊಳೆದು, ಹೊಂಗೆ ಎಣ್ಣೆ ತುಂಬಿ, ಬಾಯಿಗೆ ಬಟ್ಟೆ ತುರುಕಿ ಕೊಟ್ಟರು. "ನಿಮ್ಮಮ್ಮನ ತಲೆದೆಸೇಲಿ ದೀಪ ಇಡು. ಅವಳಿಗೂ ನಿನ್ನ ಮುಖ ಕಾಣ್ಲಿ."

ಚೌಕಿಯವನು ಬುಡ್ಡಿ ಕಂಡೊಡನೆ ಕಿತ್ತುಕೊಂಡ. ಬಟ್ಟೆ ತೆಗೆದು ಮೂಸಿದ. ಇನ್ನೊಂದು ಸಲ ಮೂಸಿದ. "ಥೂ! ಹೊಂಗೆ!" ಎಂದು ದಾರಿಯ ಕಲ್ಲಿನ ಮೇಲೆ ಎಸೆದ. ತಗಡು ಠಣ್ ಎಂದಿತು. ಅರ್ಧ ಎಣ್ಣೆ ಚೆಲ್ಲಿತು. ನಾನು ಓಡಿಹೋಗಿ ಬುಡ್ಡಿ ಎತ್ತಿಕೊಂಡು ಎದೆಗೆ ಒತ್ತಿಕೊಂಡು ನಿಂತೆ. ಒಳಗಿದ್ದ ಅವನ ಮೇಲಧಿಕಾರಿ, "ಏನಯ್ಯ ಅದು?" ಎಂದು ಕೂಗಿದ.

"ಹೊಂಗೆ ಎಣ್ಣೆ ಸಾರ್."

"ಹೊಂಗೆಗೆ ಕಾನೂನಿಲ್ಲ. ಕಳಿಸು."

ಚೌಕಿಯವನು ಕೆಳಗೆ ಬಿದ್ದ ಬಟ್ಟೆಯ ಚೂರನ್ನು ಎತ್ತಿ, ಕೊಡವಿ, ನನ್ನ ಕೈಗೆ ಕೊಟ್ಟ. "ಬಾಯಿಗೆ ತುರುಕ್ಕೊ, ಉಳಿದದ್ದೂ ಚೆಲ್ಲುತ್ತೆ" ಎಂದ. ಆಮೇಲೆ, ನಾನು ನಾಲ್ಕು ಹೆಜ್ಜೆ ಹೋದ ಮೇಲೆ, "ನಿಮ್ಮಮ್ಮ ನಿಜವಾಗ್ಲೂ...?" ಎಂದು ಕೇಳಿದ. ನಾನು ಬಟ್ಟೆಯನ್ನು ಬುಡ್ಡಿಯ ಬಾಯಿಗೆ ತುರುಕಿಕೊಂಡು ನಡೆದೆ.

ತಾಯಿ ಇದ್ದಳು. ಕಣ್ಣು ಮಂಜಾಗಿತ್ತು, ಮಾತು ಇತ್ತು. ಮುಸ್ಸಂಜೆಗೆ ಹಣತೆಗೆ ಎಣ್ಣೆ ಹೊಯ್ದು ತಲೆದೆಸೆಯಲ್ಲಿಟ್ಟೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿ, "ಬಡಕಲಾಗಿದ್ದೀಯ. ಇದೇನೇ ಈ ನಾತ?" ಎಂದಳು. ನಮ್ಮತ್ತೆ ಕಳಿಸಿದ್ದು ಎಂದೆ. "ಒಳ್ಳೆ ಹೆಂಗಸು" ಎಂದಳು. ಐದು ದಿನ ಇದ್ದಳು. ಐದು ದಿನವೂ ಆ ಅರ್ಧ ಬುಡ್ಡಿ ಎಣ್ಣೆ ಬಂತು. ಹಾಲು ಕುಡಿಸುವಾಗ, ಮಗ್ಗುಲು ಬದಲಿಸುವಾಗ, ಕೊನೆಗೆ ಕಣ್ಣು ಮುಚ್ಚಿಸುವಾಗ, ನನಗೆ ಅವಳೂ ಅವಳಿಗೆ ನಾನೂ ಕಾಣುತ್ತಿದ್ದೆವು. ಇದಕ್ಕಿಂತ ಹೆಚ್ಚಿನದನ್ನು ದೀಪದಿಂದ ನಾನು ಕೇಳಿಲ್ಲ.

ಪಟೇಲರು ಹೇಳಿದ್ದನ್ನು ಮಾಡಿದರು. ಯುದ್ಧ ಮುಗಿಯುವವರೆಗೂ ನಮ್ಮ ಚೀಟಿಗೆ ಎಣ್ಣೆ ಬರಲಿಲ್ಲ. ಮುಂದಿನ ಬೇಸಿಗೆಗೆ ಏರಿಯ ಮೇಲೆ ಮುನಿಯಮ್ಮನ ಜೊತೆ ನಾನಿದ್ದೆ, ಅದರ ಮುಂದಿನ ಬೇಸಿಗೆಗೆ ಏಳೆಂಟು ಹೆಂಗಸರು. ಜಗಲಿಯ ಮುಂದೆ ನಿಲ್ಲುವವರು ಅಷ್ಟು ಕಡಿಮೆಯಾದರು. ಊರು ಗೆದ್ದಿತು ಎಂದು ಕತೆ ಕಟ್ಟುವುದಿಲ್ಲ. ಎಣ್ಣೆ ಮತ್ತೆ ಅಂಗಡಿಗೆ ಬಂದ ದಿನ ಎಲ್ಲರೂ ಬುಡ್ಡಿ ಹಿಡಿದು ಓಡಿದರು. ಮೊದಲ ಸಾಲಿನಲ್ಲೇ ನಾನಿದ್ದೆ. ಹೊಂಗೆಯ ಹೊಗೆಗೆ ಮನೆಯ ಸೂರು ಕಪ್ಪಾಗಿತ್ತು, ಕಣ್ಣು ಉರಿಯುತ್ತಿತ್ತು. ಬಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ. ಆದರೆ ಒಂದನ್ನು ಕಲಿತೆ. ದೂರದ್ದನ್ನು ಉರಿಸುವುದು ತಪ್ಪಲ್ಲ, ಅದೊಂದೇ ಉರಿಯುವ ಮನೆಯವರ ಸೊಂಟ ಯಾವಾಗಲೂ ಬಗ್ಗಿರುತ್ತದೆ. ಮುನಿಯಮ್ಮನ ಮೂಲೆಯಲ್ಲಿ ಒಂದು ಮಡಕೆ ಇಲ್ಲದಿದ್ದರೆ ಅವರ ಬಾಯಲ್ಲಿ ಆ ಮಾತು ಬರುತ್ತಿರಲಿಲ್ಲ, ನಾನು ನನ್ನ ತಾಯಿಯನ್ನು ನೋಡುತ್ತಿರಲಿಲ್ಲ.

ಅವರಿಗೆ ನಾನು ಬಾಯಿಬಿಟ್ಟು ಏನೂ ಹೇಳಲಿಲ್ಲ. ನಮ್ಮಲ್ಲಿ ಅತ್ತೆ ಸೊಸೆಯರು ಹಾಗೆಲ್ಲ ಹೇಳಿಕೊಳ್ಳುತ್ತಿರಲಿಲ್ಲ. ಹೇಳಿದ್ದರೆ, "ಸಾಕು, ಬತ್ತಿ ಚಾಚು" ಅನ್ನುತ್ತಿದ್ದರು. ಅವರು ಹೋಗಿ ಎಷ್ಟೋ ಕಾಲವಾಯಿತು. ಆ ಏರಿಯ ಮರಗಳ ಋಣವೂ ನನ್ನ ಮೇಲಿದೆ, ಕೊನೆಗೆ ಬಟ್ಟೆಯ ಚೂರು ಎತ್ತಿಕೊಟ್ಟ ಆ ಚೌಕಿಯವನದೂ ಚೂರು ಇದೆ, ಹೆಚ್ಚಿಲ್ಲ, ಚೂರೇ.

ಇಷ್ಟು ಬರೆಯುವಷ್ಟರಲ್ಲಿ ಸಂಜೆಯಾಯಿತು. ಸೊಸೆ ಬಂದು, "ಅತ್ತೆ, ಕಲಾಯಿಯವನು ನಾಳೆ ಊರು ಬಿಡ್ತಾನಂತೆ, ಕಡೇ ಸಲ ಕೇಳ್ತೀನಿ, ಕೊಡ್ಲಾ ಬೇಡ್ವಾ?" ಎಂದಳು. ಬುಡ್ಡಿಯನ್ನು ಗೂಡಿನಿಂದ ಇಳಿಸಿ ತಗ್ಗಿನಲ್ಲಿ ಹೆಬ್ಬೆರಳು ಇಟ್ಟು ನೋಡಿದೆ. ಸರಿಯಾಗಿ ಕೂತಿತು. ಬಾಯಿಗೆ ಮೂಗು ಹಿಡಿದರೆ ಈಗಲೂ ಹೊಂಗೆಯ ನಾತ.

"ಅದು ನಮ್ಮತ್ತೆ ಕೊಟ್ಟದ್ದು ಕಣೇ, ಹಂಗೇ ಇರಲಿ" ಎಂದೆ. "ನಾಳೆ ನಂಜೊತೆ ಕೆರೆ ಏರಿಗೆ ಬಾ. ಕಾಯಿ ಉದುರಿದಾವೆ. ನನಗೆ ಸೊಂಟ ಬಗ್ಗಲ್ಲ, ನೀನು ಬಗ್ಗು."