ಮೂರು ಬಿಸಿಲಿನ ಮುಖ

ದಾಂಡೇಲಿಯ ಮಿಲ್ಲಿನ ಮೊದಲ ಪಾಳಿಯ ಸೈರನ್ ಆಗಷ್ಟೇ ನಿಂತಿದೆ. ದಿಮ್ಮಿ ಪೇರಿಸುವ ನಾಟಾ ಡಿಪೋದ ಹಿಂದಿನ ತಗಡಿನ ಚಪ್ಪರದಲ್ಲಿ ಮಾನ್ವೆಲ್ ಸಿದ್ದಿ ಇನ್ನೂ ಉಳಿ ಹಿಡಿದಿಲ್ಲ, ಬಿಸಿಲಿಗೆ ಕಾಯುತ್ತಿದ್ದಾರೆ. ಎದುರಿಗೆ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಿದ ಸಾಗವಾನಿ ಮರದ ದೇವಿ, ಪಕ್ಕದ ಕಂಬದಲ್ಲಿ ಮೂರು ಕಪ್ಪು-ಬಿಳುಪು ಫೋಟೊ. ಬಿಸಿಲು ಬಿದ್ದೊಡನೆ ಮರದ ಮೇಲಿನ ನೆರಳನ್ನು ಫೋಟೊದ ನೆರಳಿಗೆ ಹೋಲಿಸಿ, ತಪ್ಪಿದಲ್ಲಿ ಸೀಮೆಸುಣ್ಣದ ಗೆರೆ ಎಳೆಯುತ್ತಾರೆ.

ಮೂಲ ದೇವಿ ಸೂಪಾ ಕಡೆಯ ಹಳ್ಳಿಯೊಂದರ ಬಂಡೆಯಲ್ಲಿದ್ದಳು. ದಕ್ಷಿಣಕ್ಕೆ ತಿರುಗಿದಂತೆ ಬಂಡೆಯಲ್ಲೇ ಕೆತ್ತಿದ ಮುಖ, ಎತ್ತಿ ತರುವಂತಿರಲಿಲ್ಲ. ಊರು ಅಣೆಕಟ್ಟಿನ ನೀರಿಗೆ ಹೋಗುವ ಮುನ್ನ ಸ್ಟುಡಿಯೊದವರೊಬ್ಬರು ಕ್ಯಾಮೆರಾ ಕದಲಿಸದೆ ಮುಂಜಾನೆ, ಮಧ್ಯಾಹ್ನ, ಸಂಜೆ ಒಂದೊಂದು ಫೋಟೊ ತೆಗೆದರು. ಹೊಸ ಊರಿಗೆ ಹೋದವರಿಗೆ ಉಳಿದದ್ದು ಅಷ್ಟೇ. ಅವನ್ನು ನೋಡಿ ದೇವಿಯನ್ನು ಕೆತ್ತಿಕೊಡಲು ಮಾನ್ವೆಲ್‌ಗೆ ಒಪ್ಪಿಸಿದ್ದಾರೆ.

"ಒಂದ ಫೋಟೊದಾಗ ಮೂಗು ಎಷ್ಟ ಎತ್ತರ ಅಂತ ತಿಳಿಯಂಗಿಲ್ರಿ," ಎನ್ನುತ್ತಾರೆ ಮಾನ್ವೆಲ್. "ಬಿಸಿಲು ಸರದಂಗ ನೆರಳು ಸರೀತೈತಿ. ಅದನ್ನ ನೋಡಿ ಏರು-ತಗ್ಗು ಹಿಡೀಬೇಕು."

ಐವತ್ತೆರಡರ ಮಾನ್ವೆಲ್ ಡಿಪೋದಲ್ಲಿ ದಿನಕ್ಕೆ ಇನ್ನೂರು ದಿಮ್ಮಿಗೆ ನಂಬರು ಹೊಡೆಯುವ ಕೂಲಿ. ಕೆತ್ತನೆ ಕಲಿತದ್ದು ಅಪ್ಪನಿಂದ. ಹೋಲಿಸಲು ದಿನಕ್ಕೆ ಮೂರೇ ಗಳಿಗೆ, ಮೋಡವಿದ್ದರೆ ಅದೂ ಇಲ್ಲ. ಏಳು ತಿಂಗಳಲ್ಲಿ ಮುಖ ಮುಗಿಯಿತು. ಅವಸರದ ಸ್ವಭಾವದ ನಾನಾದರೆ ಮೊದಲ ವಾರವೇ ಉಳಿ ಬಿಸಾಕುತ್ತಿದ್ದೆ.

ಆದರೆ ಕಳೆದ ತಿಂಗಳು ನೋಡಲು ಬಂದ ತಾಯವ್ವ ಒಪ್ಪಲಿಲ್ಲ. ಹಳೆಯ ಊರಿನಲ್ಲಿ ದೇವಿಯ ಸೇವೆ ಮಾಡುತ್ತಿದ್ದ ಮುದುಕಿ ಅವರು. ಅಲ್ಲಿನ ಹೆಂಗಸರು ನಮಸ್ಕರಿಸುವುದು ಹೆಬ್ಬೆರಳನ್ನು ಎಣ್ಣೆಯಲ್ಲದ್ದಿ ದೇವಿಯ ಹಣೆಗೆ ಒತ್ತಿ. ತಾಯವ್ವ ಒತ್ತಿದರು, ಕೈ ಹಿಂದೆಗೆದರು. "ಈಕಿ ನಮ್ಮಾಕಿ ಅಲ್ಲ," ಎಂದು ಹೊರಟೇಬಿಟ್ಟರು. ತಲೆಮಾರುಗಳ ಹೆಬ್ಬೆರಳಿಗೆ ಸವೆದು ಕುಳಿಬಿದ್ದಿದ್ದ ಜಾಗದಲ್ಲಿ ಮಾನ್ವೆಲ್ ಉಬ್ಬಿದ ಬೊಟ್ಟು ಕೆತ್ತಿದ್ದರು.

ಸಂಜೆಯ ಫೋಟೊದಲ್ಲಿ ಹಣೆಗೆ ಹೂವು ಮುಚ್ಚಿತ್ತು, ಮಧ್ಯಾಹ್ನದ್ದರಲ್ಲಿ ಅದು ಬಿಸಿಲಿಗೆ ಬರೀ ಬೆಳ್ಳಗೆ. ಹಣೆಗೆ ಮುಂಜಾನೆಯದೊಂದನ್ನೇ ನಂಬಿದ್ದರು, ಮೂಗಿಗೆ ಉಳಿದೆರಡನ್ನು. ಮತ್ತೆ ಮೂರನ್ನೂ ಜೋಡಿಸಿ ನೋಡಿದಾಗ ಮುಂಜಾನೆ, ಸಂಜೆ ಎರಡರಲ್ಲೂ ಮೂಗಿನ ನೆರಳು ಒಂದೇ ಕಡೆ! ಸ್ಟುಡಿಯೊದವರನ್ನು ಕೇಳಿದರೆ, ಮುಂಜಾನೆ ಮರ ಅಡ್ಡವಿತ್ತೆಂದು ಪಡುವಣದಿಂದ ಕನ್ನಡಿ ಹಿಡಿದು ಬೆಳಕು ಬಿಟ್ಟದ್ದು ನೆನಪಾಯಿತು. ಬೆಳಕು ಮೂಡಣದ್ದೆಂದು ತಿಳಿದು ನೋಡಿದ್ದಕ್ಕೆ ಕುಳಿ ಉಬ್ಬಾಗಿ ಕಂಡಿತ್ತು.

"ಸೂರ್ಯ ಎರಡೂ ಹೊತ್ತು ಒಂದ ಕಡೆ ಇರ್ತಾನೇನ್ರಿ? ಡಿಪೋದಾಗ ದಿನಾ ನೋಡೋ ನಾನ ಮರತೆ," ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ.

ಉಬ್ಬು ತೆಗೆದು ಕುಳಿ ಮಾಡಿದ್ದಾರೆ. ಇವತ್ತು ಎರಡನೆಯ ಪರೀಕ್ಷೆ. ಈ ಸಲವೂ ಆಗದಿದ್ದರೆ ಬೇರೆ ಕಡೆಯಿಂದ ಸಿದ್ಧ ಮೂರ್ತಿ ತರುವುದೆಂದು ಹೊಸ ಊರಿನ ಹಿರಿಯರು ಹೇಳಿಯಾಗಿದೆ. ಹತ್ತು ಗಂಟೆಯ ಬಸ್ಸಿಗೆ ತಾಯವ್ವ ಇಳಿಯುತ್ತಾರೆ. ಎಣ್ಣೆ ಬಟ್ಟಲು ತಾವೇ ತಂದಿದ್ದಾರೆ. ಕಣ್ಣು ಮುಚ್ಚಿ ಹೆಬ್ಬೆರಳು ಒತ್ತುತ್ತಾರೆ. ಕೈ ತೆಗೆಯುವುದಿಲ್ಲ.

"ಈಕೀನ," ಎನ್ನುತ್ತಾರೆ ಕೊನೆಗೆ. ಮತ್ತೊಮ್ಮೆ ಒತ್ತಿ, "ಖರೇ, ಸ್ವಲ್ಪ ಆಳ ಕಮ್ಮಿ ಆತಲ್ಲೋ ತಮ್ಮಾ?"

"ಬೇಕಂತ ಬಿಟ್ಟೇನಿ, ಯವ್ವಾ," ಎನ್ನುತ್ತಾರೆ ಮಾನ್ವೆಲ್. "ಉಳದದ್ದು ನಿಮ್ಮ ಹೆಣ್ಮಕ್ಕಳ ಹೆಬ್ಬೆರಳಿನ ಕೆಲಸ."