ಹಿರಿಯ ಮೇಸ್ತ್ರಿಯ ಕೆಂಪು ಪೆನ್ನು

ನಮ್ಮಕ್ಕನ ತಲೆ ಓಡಿದಷ್ಟು ಆ ಬೀಗದ ಕಾರ್ಖಾನೆಯಲ್ಲಿ ಇನ್ಯಾರ ತಲೆಯೂ ಓಡುತ್ತಿರಲಿಲ್ಲ. ಒಡಹುಟ್ಟಿದವಳು ಅಂತ ಹೊಗಳುತ್ತಿಲ್ಲ. ಹಟಮಾರಿ ಅಂತ ಅವಳನ್ನು ನಾನು ಬೈದಷ್ಟು ಯಾರೂ ಬೈದಿಲ್ಲ. ಹದಿನೆಂಟು ವರ್ಷ ತಗಡು ಒತ್ತುವ ಪ್ರೆಸ್ ಮುಂದೆ ದುಡಿದಳು. ಆ ಹಾಳು ಪ್ರೆಸ್ ಇಬ್ಬರ ಬೆರಳು ತಿಂದಿತ್ತು. ಕಾಲಲ್ಲಿ ಪೆಡಲ್ ತುಳಿದರೆ ಸಾಕು, ಕೈ ಒಳಗಿದ್ದರೂ ಅಚ್ಚು ಬೀಳುತ್ತಿತ್ತು. ಪೆಡಲ್ ಬದಲು ಎರಡು ಗುಂಡಿ ಇಡೋಣ, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯಲಿ ಅನ್ನುವುದು ಅಕ್ಕನ ಉಪಾಯ.

ಆದರೆ ಅಲ್ಲಿ ಒಂದು ಮೊಳೆ ಜರುಗಿಸಬೇಕಾದರೂ ಚೀಟಿ ಬರೆದು ಹಿರಿಯ ಮೇಸ್ತ್ರಿಯ ಮೇಜಿನ ಮೇಲಿಡಬೇಕು. ಮರುದಿನ ಊಟದ ಹೊತ್ತಿಗೆ, ಬರೆದವರು ಒಬ್ಬರೇ ಹೋಗಿ ತರಬೇಕು. ಯಾವಾಗಲೂ ಕೆಂಪು ಶಾಯಿಯಲ್ಲಿ ಒಂದೇ ಮಾತು: 'ಹಿಂದಿನಂತೆಯೇ'. ಅಷ್ಟು ವರ್ಷದಲ್ಲಿ ಒಂದೂ ಹೊಸ ಬೀಗ ಹುಟ್ಟಲಿಲ್ಲ. ಕೊನೆಗೆ ಮೇಸ್ತ್ರಿ ತೀರಿಕೊಂಡ, ಅವನ ಜಾಗಕ್ಕೆ ಯಾರೂ ಬರಲಿಲ್ಲ. ಆದರೂ ಚೀಟಿಗಳ ಮೇಲೆ ಅದೇ ಅಕ್ಷರ, ಅದೇ ಮಾತು. ಆಫೀಸಿನವರು ಬರೆಯುತ್ತಾರೇನೋ ಅಂದುಕೊಂಡು ಎಲ್ಲರೂ ಸುಮ್ಮನಿದ್ದೆವು.

ಸೋಮವಾರದಿಂದ ಆ ಪ್ರೆಸ್ ಮುಂದೆ ನೀನೇ ನಿಲ್ಲಬೇಕು ಅಂತ, ಅಲ್ಲೇ ಬೇರೆ ಕೆಲಸದಲ್ಲಿದ್ದ ನನಗೆ ಹೇಳಿದರು. ಅಕ್ಕ ಮೂರನೇ ಸಲ ಚೀಟಿ ಇಟ್ಟಳು. ನಿಯಮ ಹಾಳಾಗಿ ಹೋಗಲಿ ಅಂತ ಮರುದಿನ ಅವಳ ಹಿಂದೆಯೇ ಹೋಗಿ ಬಾಗಿಲ ಬಳಿ ನಿಂತೆ.

ಮಟಮಟ ಮಧ್ಯಾಹ್ನ. ಕೋಣೆಯಲ್ಲಿ ಯಾರೂ ಇಲ್ಲ. ಅಕ್ಕ ನೆಟ್ಟಗೆ ಹೋಗಿ ಮೇಸ್ತ್ರಿಯ ಕುರ್ಚಿಯಲ್ಲಿ ಕೂತಳು, ಡ್ರಾಯರ್ ಎಳೆದು ಕೆಂಪು ಪೆನ್ನು ತೆಗೆದಳು, ತನ್ನ ಚೀಟಿಯ ಮೇಲೆ ತಾನೇ ಅದೇ ಮಾತು ಬರೆದಳು. ಪೆನ್ನು ಒಳಗಿಟ್ಟು ಎದ್ದಳು. ಆಮೇಲೆ ಆ ಚೀಟಿಯನ್ನು ಆಗಷ್ಟೇ ಕಂಡವಳ ಹಾಗೆ ಓದಿದಳು. ಅವಳ ಕಣ್ಣು ತುಂಬಿ ಬಂತು.

"ಇವತ್ತೂ ಆಗಲ್ಲ ಅಂದುಬಿಟ್ಟಿದ್ದಾರೆ ಕಣೇ," ಅಂದಳು.

ನಾನು ಒಳಗೆ ಹೋಗಿ ಅವಳ ಕೈ ಹಿಡಿದು ತಿರುಗಿಸಿ ತೋರಿಸಿದೆ. ಹೆಬ್ಬೆರಳಿನ ಮೇಲೆ ಶಾಯಿ ಇನ್ನೂ ಹಸಿಯಾಗಿತ್ತು. ಬಹಳ ಹೊತ್ತು ನೋಡಿದಳು. ಆಮೇಲೆ ಆ ಪೆನ್ನನ್ನು ಕಿಟಕಿಯಾಚೆ ಬಿಸಾಕಿ, ಯಾರನ್ನೂ ಕೇಳದೆ ಆ ಶನಿವಾರವೇ ಗುಂಡಿ ಕೂರಿಸಿದಳು.

ನನ್ನ ಹತ್ತು ಬೆರಳೂ ಇವತ್ತಿಗೂ ಗಟ್ಟಿಯಾಗಿವೆ. ಮಾಲೀಕರು ಎಲ್ಲ ಪ್ರೆಸ್ಸಿಗೂ ಗುಂಡಿ ಹಾಕಿಸಿದರು, ಚೀಟಿ ಪದ್ಧತಿ ತೆಗೆದುಹಾಕಿದರು. ಹೊಳೆದದ್ದನ್ನು ಯಾರು ಬೇಕಾದರೂ ಮಾಡಿ ನೋಡಬಹುದು ಅಂದಮೇಲೆ ವರ್ಷಕ್ಕೆ ಎರಡು ಮೂರು ಹೊಸ ಬೀಗ ಬರತೊಡಗಿದವು. ಅಕ್ಕ ನಿವೃತ್ತಳಾಗಿ ಎಂಟು ವರ್ಷ ಆಯಿತು.

ಹೋದ ವಾರ ನನಗೂ ಒಂದು ಹೊಸ ಚಿಲಕ ಹೊಳೆಯಿತು. ಕಾಗದದ ಮೇಲೆ ಗೀಚಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಅಡ್ಡಲಾಗಿ ಅದೇ ಕೆಂಪಕ್ಷರ. ಯಾವ ಕಿಡಿಗೇಡಿಯ ಕೆಲಸವೋ ಅಂತ ಬೈಯುತ್ತಾ ಕಾಗದ ಎತ್ತಿಕೊಂಡೆ. ನನ್ನ ಹೆಬ್ಬೆರಳು ಕೆಂಪಗಿತ್ತು.